ಎರಡು ವಹಿ: ನಿಮ್ಮ ಸ್ವಭಾವ ನೋಡಿಕೊಂಡು ವ್ಯಾಪಾರ ಬೆಳೆಸುವುದು ಹೇಗೆ

ನನ್ನ ರೊಟ್ಟಿ ಕೇಂದ್ರದ ಕಪಾಟಿನಲ್ಲಿ ಎರಡು ವಹಿ ಇವೆ. ಒಂದು ಕೆಂಪು ಬಟ್ಟೆ ಹೊದಿಕೆಯ ಲೆಕ್ಕದ ವಹಿ. ಗಂಜಿನಿಂದ, ಅಂದರೆ ಕಾಳಿನ ಮಾರುಕಟ್ಟೆಯಿಂದ ಎಷ್ಟು ಜೋಳ ಬಂತು, ಗಿರಣಿಗೆ ಎಷ್ಟು ಕೊಟ್ಟೆವು, ಯಾರಿಗೆ ಎಷ್ಟು ರೊಟ್ಟಿ ಹೋಯಿತು, ಎಲ್ಲ ಅದರಲ್ಲಿದೆ. ಇನ್ನೊಂದು ನನ್ನ ಮಗ ಅರ್ಧ ಬರೆದು ಬಿಟ್ಟಿದ್ದ ನೂರು ಪುಟದ ನೋಟ್‌ಬುಕ್. ಅದರಲ್ಲಿ ಹಣದ ಲೆಕ್ಕ ಇಲ್ಲ. ಪ್ರತಿ ಸಾಲಿನಲ್ಲೂ ಒಂದೇ ಪ್ರಶ್ನೆಗೆ ಉತ್ತರ ಇದೆ: "ಯಾಕೆ ಹಾಗೆ ಮಾಡಿದೆ?"

ಕಲಬುರಗಿಯಲ್ಲಿ ರೊಟ್ಟಿ, ಹಿಂಡಿ, ಚಟ್ನಿಪುಡಿ ಮಾಡಿ ಮಾರಬೇಕು ಅಂತ ಹೆಣ್ಣುಮಕ್ಕಳು ನನ್ನ ಹತ್ತಿರ ಬರುತ್ತಾರೆ. ಯಾವ ಬ್ಯಾಂಕು, ಯಾವ ಮಷಿನ್, ಎಷ್ಟು ರೇಟು ಅಂತ ಕೇಳುತ್ತಾರೆ. ಎಲ್ಲ ಹೇಳುತ್ತೇನೆ. ಅದಕ್ಕಿಂತ ಮೊದಲು ಕೈಗೆ ಒಂದು ನೋಟ್‌ಬುಕ್ ಕೊಡುತ್ತೇನೆ. ಒಂದೇ ಓಣಿಯಲ್ಲಿ, ಒಂದೇ ಬಂಡವಾಳದಲ್ಲಿ, ಒಂದೇ ಜೋಳದಲ್ಲಿ ಇಬ್ಬರು ಶುರು ಮಾಡಿದ್ದನ್ನು ನೋಡಿದ್ದೇನೆ. ಒಬ್ಬರದು ಬೆಳೆಯಿತು, ಇನ್ನೊಬ್ಬರದು ನಿಂತಲ್ಲೇ ನಿಂತಿತು. ಹುಡುಕುತ್ತ ಹೋದರೆ ಕಾರಣ ಬಹಳ ಸಲ ವ್ಯಾಪಾರ ನಡೆಸುವವರ ಸ್ವಭಾವದಲ್ಲೇ ಸಿಗುತ್ತದೆ.

ಸ್ವಭಾವ ಬದಲಿಸಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಿಮ್ಮ ಸ್ವಭಾವ ಎಲ್ಲಿ ದುಡ್ಡು ಸೋರಿಸುತ್ತದೆ ಅಂತ ಹುಡುಕಿ. ಆ ಜಾಗದಲ್ಲಿ ಒಂದು ನಿಯಮ ಇಡಿ, ಇಲ್ಲವೇ ಒಬ್ಬರನ್ನು ನಿಲ್ಲಿಸಿ. ಹೇಗೆ ಅಂತ ನನ್ನ ವಹಿ ಬಿಚ್ಚಿಯೇ ತೋರಿಸುತ್ತೇನೆ.

ಹದಿನಾಲ್ಕು ಹೆಸರಿನ ಪುಟ

ನಾನು ಶುರು ಮಾಡಿದ್ದು 2011ರಲ್ಲಿ, ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ. ಎರಡು ಒಲೆ, ಎರಡು ಹಂಚು, ನಾನು, ಇನ್ನೊಬ್ಬ ಅಕ್ಕ. ಮೂರು ವರ್ಷಕ್ಕೆ ಆರು ಜನ ಕೂತು ರೊಟ್ಟಿ ಬಡಿಯುತ್ತಿದ್ದೆವು. ಖಾನಾವಳಿಗಳಿಗೆ, ಹಾಸ್ಟೆಲ್‌ಗಳಿಗೆ, ಮದುವೆ ಮನೆಗಳಿಗೆ ಹೋಗುತ್ತಿತ್ತು. ರೊಟ್ಟಿ ಚೆನ್ನಾಗಿತ್ತು, ಗಿರಾಕಿಗೆ ಕೊರತೆ ಇರಲಿಲ್ಲ.

ನಮ್ಮ ಕಡೆ ಎಳ್ಳಮಾವಾಸ್ಯೆ ಅಂದರೆ ಗೊತ್ತಲ್ಲ. ಭಜ್ಜಿ, ಕಡುಬು, ಸಜ್ಜೆ ರೊಟ್ಟಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಆ ವರ್ಷ ಸಜ್ಜೆ ರೊಟ್ಟಿಗೆ ಅಲ್ಲಿವರೆಗೆ ಬಂದಿರದಷ್ಟು ದೊಡ್ಡ ಆರ್ಡರ್ ಬಂತು. ಗಂಜಿಗೆ ಹೋಗಿ ಸಜ್ಜೆ ತರಲಿಕ್ಕೆ, ನಾಲ್ಕು ಜನರನ್ನು ಹೆಚ್ಚಿಗೆ ಕರೆದು ಕೂಲಿ ಕೊಡಲಿಕ್ಕೆ ಕೈಯಲ್ಲಿ ದುಡ್ಡೇ ಇರಲಿಲ್ಲ. ಆಗಲ್ಲ ಅಂತ ಹೇಳಿ ಕಳಿಸಿದೆ.

ಅವತ್ತು ರಾತ್ರಿ ಉದ್ರಿ ಪುಟ ತೆಗೆದು ಕೂತೆ. ಹದಿನಾಲ್ಕು ಹೆಸರು, 38,400 ರೂಪಾಯಿ. ಪ್ರತಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಬರೆದೆ, ಇವರಿಗೆ ಯಾಕೆ ಕೊಟ್ಟೆ ಅಂತ. ಮೂವರ ಮುಂದೆ "ತಿಂಗಳ ಗಿರಾಕಿ, ಕೊಡುತ್ತಾರೆ" ಅಂತ ಬಂತು. ಉಳಿದ ಹನ್ನೊಂದು ಜನರ ಮುಂದೆ ಬರೆದದ್ದು ಒಂದೇ ಮಾತು: "ಮುಖ ನೋಡಿ ಬೇಡ ಅನ್ನಲಿಕ್ಕೆ ಆಗಲಿಲ್ಲ." ಆ ಪುಟ ಇನ್ನೂ ಇಟ್ಟುಕೊಂಡಿದ್ದೇನೆ. ಮಾರ್ಕೆಟ್ ಸರಿ ಇಲ್ಲ, ಜನ ಸರಿ ಇಲ್ಲ ಅಂತ ಅಲ್ಲಿವರೆಗೆ ಅಂದುಕೊಂಡಿದ್ದೆ. ಆ ಹನ್ನೊಂದು ಸಾಲು ಬರೆದದ್ದು ನನ್ನ ಕೈಯೇ ಅಲ್ವಾ?

ಎರಡನೇ ವಹಿ ಹುಟ್ಟಿದ್ದು ಹಾಗೆ. ನೀವೂ ಹೀಗೇ ಶುರು ಮಾಡಿ. ಐದುನೂರು ರೂಪಾಯಿಗಿಂತ ಜಾಸ್ತಿ ಹಣ ಹೋಗುವ, ಬರುವ ಪ್ರತಿ ತೀರ್ಮಾನಕ್ಕೆ ಒಂದು ಸಾಲು. ಏನು ಮಾಡಿದೆ, ಯಾಕೆ ಮಾಡಿದೆ. ಪಕ್ಕದಲ್ಲಿ ಸ್ವಲ್ಪ ಜಾಗ ಬಿಡಿ, ಮುಂದೆ ಏನಾಯಿತು ಅಂತ ಆಮೇಲೆ ಬರೆಯಲಿಕ್ಕೆ. "ಯಾಕೆ" ಅನ್ನುವ ಕಡೆ ಒಳ್ಳೆ ಕಾರಣ ಹುಡುಕಿ ಬರೆಯಬೇಡಿ. ಸಿಟ್ಟು ಬಂತು ಅಂದರೆ ಸಿಟ್ಟು ಬಂತು. ನೆರೆಯವರು ಮಷಿನ್ ತಂದರು, ನನಗೂ ಬೇಕು ಅನ್ನಿಸಿತು ಅಂದರೆ ಅದನ್ನೇ ಬರೆಯಿರಿ. ಯಾರಿಗೂ ತೋರಿಸುವ ವಹಿ ಅಲ್ಲ ಇದು. ಮೂರು ತಿಂಗಳು ಬರೆದು, ಒಂದು ಭಾನುವಾರ ಕೂತು ಓದಿ. ಯಾವ ಕಾರಣ ಮತ್ತೆ ಮತ್ತೆ ಬರುತ್ತದೋ ಅದರ ಕೆಳಗೆ ಗೆರೆ ಎಳೆಯಿರಿ.

ಇನ್ನೊಂದು ಕೆಲಸ ಇದೆ. ನಿಮ್ಮ ಜೊತೆ ದಿನಾ ದುಡಿಯುವವರನ್ನು ಕೇಳಿ. ಮನೆಯವರನ್ನು ಕೇಳಿದರೆ ಹಳೆ ಜಗಳ ಎಲ್ಲ ಎದ್ದು ಬರುತ್ತದೆ. ನಾನು ಮೊದಲ ದಿನದಿಂದ ನನ್ನ ಜೊತೆ ಇರುವ ಅಕ್ಕನನ್ನು ಕೇಳಿದೆ, "ಅಕ್ಕಾ, ನಾ ಎಲ್ಲಿ ತಪ್ಪಲಾಕತ್ತೀನಿ, ಖರೇ ಹೇಳು." ಅವಳು ಹಿಟ್ಟಿನ ಕೈ ಕೊಡವಿ ಅಂದಳು, "ನೋಡವ್ವಾ, ನೀ ಮಂದೀಗಿ ಇಲ್ಲ ಅನ್ನಂಗಿಲ್ಲ. ನಮಗ ಹೂಂ ಅನ್ನಂಗಿಲ್ಲ. ಎಲ್ಲಾ ನಿನ್ ಕೈಲೇ ಆಗಬೇಕಂತಿ." ಮೊದಲನೆಯದು ನನಗೆ ಗೊತ್ತಿತ್ತು. ಎರಡನೆಯದು ಗೊತ್ತಿರಲಿಲ್ಲ.

ಮೆತ್ತನೆಯ ಮನಸ್ಸಿನವರಿಗೆ

ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿದ ನನ್ನ ಅಣ್ಣನ ಮಗಳು ಇದಕ್ಕೆ ಒಂದು ಲೆಕ್ಕ ಹೇಳಿಕೊಟ್ಟಳು. ಮನುಷ್ಯನ ಸ್ವಭಾವವನ್ನು ಓದಿದವರು ಐದು ಗುಣಗಳಲ್ಲಿ ಅಳೆಯುತ್ತಾರಂತೆ. ಹೊಸದಕ್ಕೆ ಮನಸ್ಸು ತೆರೆದಿರುವುದು, ಅಚ್ಚುಕಟ್ಟುತನ, ಜನರ ಜೊತೆ ಬೆರೆಯುವುದು, ಮೆತ್ತನೆಯ ಗುಣ, ಚಿಂತೆ ಹಚ್ಚಿಕೊಳ್ಳುವುದು. ಝಾವೋ ಮತ್ತು ಸೀಬರ್ಟ್ ಅನ್ನುವ ಇಬ್ಬರು 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ, ಸ್ವಂತ ಉದ್ಯಮ ನಡೆಸುವವರನ್ನು ಸಂಬಳದ ಮ್ಯಾನೇಜರ್‌ಗಳ ಜೊತೆ ಹೋಲಿಸಿ ನೋಡಿದರು. ಉದ್ಯಮಿಗಳಲ್ಲಿ ಅಚ್ಚುಕಟ್ಟುತನ, ಹೊಸದರ ಆಸೆ ಜಾಸ್ತಿ ಇತ್ತು. ಮೆತ್ತನೆಯ ಗುಣ, ಚಿಂತೆ ಕಡಿಮೆ ಇತ್ತು. ಜನರ ಜೊತೆ ಬೆರೆಯುವುದರಲ್ಲಿ ಮಾತ್ರ ಫರಕು ಕಾಣಲಿಲ್ಲ. ಮಾತು ಬರಲ್ಲ, ನಾನು ಹೇಗೆ ವ್ಯಾಪಾರ ಮಾಡಲಿ ಅಂತ ಹಿಂಜರಿಯುವ ಹುಡುಗಿಯರಿಗೆ ಇದನ್ನು ಮೊದಲು ಹೇಳುತ್ತೇನೆ.

ಮೆತ್ತನೆಯ ಗುಣ ಕೆಟ್ಟದ್ದಲ್ಲ. ನನ್ನ ಹತ್ತಿರ ಕೆಲಸಕ್ಕೆ ಬಂದವರು ಬಿಟ್ಟು ಹೋಗದೆ ಇರಲಿಕ್ಕೆ ಅದೇ ಕಾರಣ. ಸೋರುವುದು ಎರಡೇ ಕಡೆ: ಉದ್ರಿಯಲ್ಲಿ, ರೇಟಿನಲ್ಲಿ.

ಇಲ್ಲಿ ನಮ್ಮ ಊರಿನ ಮಾತು ಒಂದು ಹೇಳಲೇಬೇಕು. ಶರಣಬಸವೇಶ್ವರರ ದಾಸೋಹದ ಊರು ಇದು. ಕೇಳಿದವರಿಗೆ ಇಲ್ಲ ಅನ್ನುವುದು ಪಾಪ ಅಂತ ನಾವು ತೊಟ್ಟಿಲಿನಿಂದ ಕೇಳಿಕೊಂಡು ಬೆಳೆದವರು. ಅದಕ್ಕೇ ಉದ್ರಿ ಕೇಳಿದಾಗ ನಾಲಿಗೆ ಏಳುವುದಿಲ್ಲ. ನಾನು ವಹಿಯಲ್ಲಿ ಎರಡನ್ನೂ ಬೇರೆ ಮಾಡಿದೆ. ಜಾತ್ರೆಗೆ ಇಷ್ಟು ರೊಟ್ಟಿ, ಕಷ್ಟದಲ್ಲಿರುವ ಮನೆಗೆ ಇಷ್ಟು ರೊಟ್ಟಿ ಅಂತ ವರ್ಷದ ಮೊದಲೇ ಎತ್ತಿಡುತ್ತೇನೆ. ಅದು ದಾಸೋಹದ ಪುಟ, ಅದರ ಹಣ ನಾನು ತಿರುಗಿ ಕೇಳುವುದಿಲ್ಲ. ಖಾನಾವಳಿ ನಡೆಸುವವರು ನನ್ನ ರೊಟ್ಟಿಯನ್ನು ಮಾರಿ ಲಾಭ ಮಾಡಿಕೊಂಡು ನನಗೆ ಹಣ ಕೊಡದೆ ಇದ್ದರೆ ಅದು ದಾಸೋಹ ಹೇಗಾಗುತ್ತದೆ? ಹೀಗೆ ಬೇರೆ ಮಾಡಿದ ಮೇಲೆ ಮನಸ್ಸು ಹಗುರಾಯಿತು. ಬೇಡ ಅನ್ನಲಿಕ್ಕೆ ಧೈರ್ಯ ಬಂತು.

ಆಮೇಲೆ ಮೂರು ನಿಯಮ ಮಾಡಿದೆ. ಹೊಸ ಗಿರಾಕಿಗೆ ಮೊದಲ ಮೂರು ತಿಂಗಳು ನಗದು. ರೇಟು ಕಡಿಮೆ ಮಾಡಿ ಅಂತ ಯಾರಾದರೂ ಕೇಳಿದರೆ ಅಲ್ಲೇ ಉತ್ತರ ಇಲ್ಲ, "ನಾಳೆ ಹೇಳ್ತೀನ್ರಿ." ಒಂದು ರಾತ್ರಿ ಕಳೆದರೆ ಮುಖ ನೋಡುವ ಕಷ್ಟ ಇರುವುದಿಲ್ಲ, ಫೋನಿನಲ್ಲಿ ಹೇಳಬಹುದು. ಮೂರನೆಯದು, ವಸೂಲಿಗೆ ನಾನು ಹೋಗುವುದಿಲ್ಲ. ನನ್ನ ನೆಗೆಣ್ಣಿ ಹೋಗುತ್ತಾಳೆ. ಅವಳು ಮಾತಿನಲ್ಲಿ ನೇರ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. ವಸೂಲಿಯಾದ ಉದ್ರಿಯಲ್ಲಿ ನೂರಕ್ಕೆ ಎರಡು ರೂಪಾಯಿ ಅವಳಿಗೆ.

ಕಾನೂನೂ ನಿಮ್ಮ ಕಡೆ ಇದೆ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಅಂತ ಇದೆ, ಆಧಾರ್ ಮೇಲೆ ಆನ್‌ಲೈನಿನಲ್ಲಿ ಪುಕ್ಕಟೆ ಆಗುತ್ತದೆ, ಯಾರಿಗೂ ಫೀ ಕೊಡಬೇಡಿ. ನೋಂದಣಿ ಮಾಡಿಸಿದ ಸಣ್ಣ ಉತ್ಪಾದಕರಿಂದ ಮಾಲು ತೆಗೆದುಕೊಂಡವರು, ಬರವಣಿಗೆಯಲ್ಲಿ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಎಳೆಯುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಸಣ್ಣ ಉದ್ಯಮಗಳ 2006ರ ಎಂಎಸ್ಎಂಇ ಕಾಯ್ದೆ ಹೇಳುವುದು ಇದು. ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾವು ಯಾರ ಮೇಲೂ ದೂರು ಕೊಟ್ಟಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್, "45 ದಿನದ ಒಳಗೆ" ಅಂತ ಎರಡು ಸಾಲು ಅಚ್ಚು ಹಾಕಿಸಿದ ಮೇಲೆ ದೊಡ್ಡ ಗಿರಾಕಿಗಳು ಬೇಗ ಕೊಡಲು ಶುರು ಮಾಡಿದರು.

ಎಲ್ಲ ತನ್ನ ಕೈಲೇ ಆಗಬೇಕು ಅನ್ನುವವರಿಗೆ

ಅಕ್ಕ ಹೇಳಿದ ಎರಡನೇ ಮಾತು ಇದು. ಅಚ್ಚುಕಟ್ಟುತನ ವ್ಯಾಪಾರವನ್ನು ಕಟ್ಟುತ್ತದೆ, ಒಂದು ಹಂತದ ಮೇಲೆ ಅದೇ ಕಾಲು ಹಿಡಿಯುತ್ತದೆ.

ಕಡಕ್ ರೊಟ್ಟಿ ಹೇಗಾಗುತ್ತದೆ ಅಂತ ಹೇಳಿದರೆ ನಿಮಗೆ ತಿಳಿಯುತ್ತದೆ. ಎಸರು ಕುದಿಸಿ ಹಿಟ್ಟಿಗೆ ಹಾಕಿ, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಉಂಡೆ ಮಾಡಿದಾಗ ಅಂಚು ಬಿರಿದರೆ ಇನ್ನೂ ನಾದಬೇಕು ಅಂತ ಅರ್ಥ. ಒಣ ಹಿಟ್ಟು ಉದುರಿಸಿ, ಒಂದು ಕೈ ಬಡಿಯುತ್ತ ಇನ್ನೊಂದು ಕೈ ತಿರುಗಿಸುತ್ತ ಹೋಗಬೇಕು. ನಡುವೆ ದಪ್ಪ ಉಳಿದರೆ ಅಲ್ಲಿ ಹಸಿ ಉಳಿಯುತ್ತದೆ, ನಾಲ್ಕು ದಿನಕ್ಕೆ ಬೂಸು ಬರುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆ ಸವರಿ, ತಿರುವಿ, ಉಬ್ಬಿಸಿ, ಆಮೇಲೆ ಒಲೆ ಪಕ್ಕ ನಿಲ್ಲಿಸಿ ಕಡಕ್ ಮಾಡಬೇಕು. ನಾನು ಪ್ರತಿ ರೊಟ್ಟಿಯನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನಡುವೆ ಕಪ್ಪಗೆ ಕಂಡರೆ ದಪ್ಪ ಇದೆ ಅಂತ ಪಕ್ಕಕ್ಕೆ ತೆಗೆಯುತ್ತಿದ್ದೆ.

ದಿನಕ್ಕೆ ಆರುನೂರು ರೊಟ್ಟಿ ಹೀಗೆ ನೋಡಬಹುದು. ಎರಡು ಸಾವಿರ ನೋಡಲಿಕ್ಕೆ ಆಗಲ್ಲ. ಎರಡು ವರ್ಷ ನಾವು ಆರುನೂರರ ಹತ್ತಿರವೇ ನಿಂತೆವು. ಜನ ಇದ್ದರು, ಹಂಚು ಇತ್ತು, ಗಿರಾಕಿ ಇದ್ದರು. ದಾರಿಗೆ ಅಡ್ಡ ನಿಂತದ್ದು ನನ್ನ ಎರಡು ಕಣ್ಣು.

ಕಣ್ಣಿನ ಕೆಲಸವನ್ನು ಸಾಮಾನಿಗೆ ಕೊಟ್ಟೆ. ಉಂಡೆ ತೂಗಲಿಕ್ಕೆ ಒಂದು ಸಣ್ಣ ತಕ್ಕಡಿ, ಅಗಲ ನೋಡಲಿಕ್ಕೆ ಒಂದು ಸ್ಟೀಲ್ ತಾಟು. ಉಂಡೆಯ ತೂಕ ಸರಿ ಇದ್ದು ರೊಟ್ಟಿ ತಾಟಿನ ಅಂಚಿಗೆ ಬಂದರೆ ದಪ್ಪ ತಾನಾಗಿ ಸರಿ ಇರುತ್ತದೆ. ಇಪ್ಪತ್ತೈದಕ್ಕೆ ಒಂದನ್ನು ಬೆಳಕಿಗೆ ಹಿಡಿದು ನೋಡುವುದು, ಅದೂ ನಾನಲ್ಲ, ಆ ದಿನದ ಸರದಿಯವರು. ಮೊದಲ ವಾರ ನನಗೆ ಕೂರಲಿಕ್ಕೂ ಆಗುತ್ತಿರಲಿಲ್ಲ. ಬೇಕಂತಲೇ ಬೆಳಿಗ್ಗೆ ಹತ್ತಕ್ಕೆ ಗಂಜಿಗೆ ಹೋಗಿ ಮಧ್ಯಾಹ್ನ ಬರುತ್ತಿದ್ದೆ. ನಿಮ್ಮ ಕೆಲಸ ಬಟ್ಟೆ ಹೊಲಿಯುವುದೋ, ಗಾಡಿ ರಿಪೇರಿಯೋ ಆಗಿದ್ದರೂ ಇದೇ ದಾರಿ. ನಿಮ್ಮ ಕಣ್ಣು ಏನನ್ನು ನೋಡುತ್ತದೆ ಅಂತ ಬಿಡಿಸಿ ಬರೆಯಿರಿ. ಅದನ್ನು ಅಳೆಯುವ ಒಂದು ಸಾಮಾನು ಹುಡುಕಿ. ಆಮೇಲೆ ಅಲ್ಲಿಂದ ಎದ್ದು ಹೋಗಿ.

ಧೈರ್ಯದ ಅಳತೆ

ನಮ್ಮ ದೂರದ ಸಂಬಂಧಿ ಒಬ್ಬರಿದ್ದಾರೆ, ಮಾಮಾ ಅಂತ ಕರೆಯುತ್ತೇನೆ. ಧೈರ್ಯಕ್ಕೆ ಹೆಸರಾದವರು. ಕಲಬುರಗಿ ತೊಗರಿಯ ಕಣಜ, ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಇದು ಈ ನೆಲದ್ದೇ ಅನ್ನುವ ಗುರುತೂ ಸಿಕ್ಕಿದೆ. 2015ರಲ್ಲಿ ತೊಗರಿಬೇಳೆ ಕಿಲೋಗೆ ಇನ್ನೂರು ರೂಪಾಯಿ ಮುಟ್ಟಿದಾಗ ಮಾಮಾ ಮನೆ ಅಡವಿಟ್ಟು ಸಣ್ಣ ದಾಲ್ ಮಿಲ್ ಹಾಕಿದರು, ಏರಿದ ರೇಟಿಗೇ ತೊಗರಿ ತುಂಬಿದರು. ಮುಂದಿನ ವರ್ಷ ಬೆಳೆ ಭರ್ಜರಿ ಬಂತು. ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ಇದ್ದರೂ ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿತ್ತು. ಮಿಲ್ಲು ಕೆಟ್ಟದ್ದಿರಲಿಲ್ಲ, ಮಾಮಾನ ದುಡಿಮೆಗೂ ಹೆಸರಿಡುವಂತಿಲ್ಲ. ಇದ್ದದ್ದೆಲ್ಲ ಒಂದೇ ಏಟಿಗೆ ಹಾಕಿದರು.

ಅಮೆರಿಕದ ಹಾರ್ವರ್ಡ್‌ನಲ್ಲಿ ಡೇವಿಡ್ ಮೆಕ್ಲೆಲ್ಯಾಂಡ್ ಅಂತ ಒಬ್ಬ ಪ್ರೊಫೆಸರ್ ಇದ್ದರು. ಗೂಟಕ್ಕೆ ಬಳೆ ಎಸೆಯುವ ಆಟ ಇಟ್ಟು, ಎಲ್ಲಿ ಬೇಕಾದರೂ ನಿಂತು ಎಸೆಯಿರಿ ಅಂದರು. ಕೆಲವರು ಗೂಟದ ಬುಡದಲ್ಲೇ ನಿಂತರು. ಕೆಲವರು ತೀರಾ ದೂರದಿಂದ ಎಸೆದರು. ಸಾಧಿಸಬೇಕು ಅನ್ನುವ ಹಂಬಲ ಜಾಸ್ತಿ ಇದ್ದವರು ನಡುವೆ ನಿಂತರು. ಕಷ್ಟ ಇರಬೇಕು, ತಮ್ಮ ಕೈಗೆ ಎಟುಕುವ ಹಾಗೂ ಇರಬೇಕು, ಅಂಥ ದೂರದಲ್ಲಿ. ಮಾಮಾ ದೂರ ನಿಂತು ಎಸೆದರು. ನಾನು ಎಷ್ಟೋ ವರ್ಷ ಗೂಟದ ಬುಡ ಬಿಟ್ಟು ಕದಲಲಿಲ್ಲ.

ಈಗ ನನ್ನ ನಿಯಮ ಹೀಗಿದೆ. ಹೊಸದೇನೇ ಮಾಡಿದರೂ ಮೊದಲ ಸಲ ಒಂದು ತಿಂಗಳ ಲಾಭಕ್ಕಿಂತ ಜಾಸ್ತಿ ಹಾಕುವುದಿಲ್ಲ. ಆದರೆ ಮೂರು ತಿಂಗಳಿಗೆ ಒಂದಾದರೂ ಹೊಸದು ಮಾಡಲೇಬೇಕು. ಮೊದಲ ಭಾಗ ಮಾಮಾನಂಥವರಿಗೆ, ಎರಡನೇ ಭಾಗ ನನ್ನಂಥವರಿಗೆ. ನೀವು ಯಾರು ಅಂತ ನಿಮ್ಮ ವಹಿ ಹೇಳುತ್ತದೆ.

ಸಾಲದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಎಲ್ಲ ಒಳ್ಳೆಯದೇ ಆಗುತ್ತದೆ ಅನ್ನುವ ಸ್ವಭಾವದವರು ಸಬ್ಸಿಡಿ ಅನ್ನುವ ಮಾತು ಕೇಳಿದ ಕೂಡಲೇ ದೊಡ್ಡ ಯೋಜನೆ ಬರೆಸುತ್ತಾರೆ. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಪಿಎಂಎಫ್ಎಂಇ ಯೋಜನೆ ಇದೆ, ಘಟಕದ ಖರ್ಚಿನ 35 ಪರ್ಸೆಂಟ್, 10 ಲಕ್ಷದವರೆಗೆ ಸಹಾಯಧನ. ಒಳ್ಳೆ ಯೋಜನೆ. ಆದರೆ ಆ ಹಣ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಸಾಲದ ಲೆಕ್ಕಕ್ಕೆ ಬೇರೆಯಾಗಿ ಇರುತ್ತದೆ. ಮೂರು ವರ್ಷ ಘಟಕ ನಡೆದು, ಕಂತು ಸರಿಯಾಗಿ ಕಟ್ಟಿದ್ದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಹಾಗಾಗಿ ಸಬ್ಸಿಡಿ ಇಲ್ಲವೇ ಇಲ್ಲ ಅಂತ ಅಂದುಕೊಂಡು ಕಂತಿನ ಲೆಕ್ಕ ಹಾಕಿ. ಮಳೆಗಾಲದ ಮಂದ ತಿಂಗಳಲ್ಲೂ ಕಟ್ಟಬಹುದೇ ಅಂತ ನೋಡಿ. ಇನ್ನು ಹೆದರುವ ಸ್ವಭಾವದವರು ಕೇಂದ್ರದ ಮುದ್ರಾ ಯೋಜನೆಯ ಶಿಶು ಸಾಲದಿಂದ ಶುರು ಮಾಡಬಹುದು, 50,000 ರೂಪಾಯಿವರೆಗೆ. ಎರಡು ಹಂಚಿನ ಮನೆಗೆ ಅಷ್ಟು ಸಾಕು.

ಹಣೆಬರಹ ಅಂತ ಬರೆದ ಸಾಲು

ವಹಿ ಓದುವಾಗ ಇನ್ನೊಂದನ್ನು ನೋಡಿ. "ಮಳೆ ಬಂತು", "ಕರೆಂಟ್ ಹೋಯಿತು", "ನಮ್ಮ ಹಣೆಬರಹ" ಅಂತ ಎಷ್ಟು ಸಾಲಿವೆ? ಒಂದು ಜುಲೈನಲ್ಲಿ ನನಗೆ ನಾನೂರು ರೊಟ್ಟಿ ವಾಪಸ್ ಬಂದವು, ಮೆತ್ತಗಾಗಿ. ಮಳೆಗಾಲ, ಏನು ಮಾಡಲಿಕ್ಕೆ ಆಗುತ್ತೆ ಅಂತ ಬರೆದು ಮುಚ್ಚಿಟ್ಟೆ. ಅಣ್ಣನ ಮಗಳು ಓದಿ, "ಅತ್ತಿ, ಇದರಾಗ ನಿನ್ ಕೈಯಾಗ ಇದ್ದದ್ದು ಒಂದಾದ್ರೂ ಬರಿ" ಅಂದಳು. ಸಿಟ್ಟು ಬಂದರೂ ಕೂತು ಯೋಚಿಸಿದೆ. ಅವತ್ತು ಅವಸರದಲ್ಲಿ ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಕವರಿಗೆ ಹಾಕಿದ್ದೆವು. ಒಳಗಿನ ಹಬೆಯೇ ನೀರಾಗಿತ್ತು. ಈಗ ಮಳೆಗಾಲದಲ್ಲಿ ಸಂಜೆಯ ರೊಟ್ಟಿ ಮರುದಿನ ಬೆಳಿಗ್ಗೆಯೇ ಪ್ಯಾಕ್ ಆಗುವುದು.

ತನ್ನ ಬದುಕು ತನ್ನ ಕೈಯಲ್ಲಿದೆಯೋ ಹೊರಗಿನವರ ಕೈಯಲ್ಲಿದೆಯೋ ಅನ್ನುವ ಈ ನಂಬಿಕೆಯನ್ನು ಅಳೆಯುವ ಪ್ರಶ್ನೆಪಟ್ಟಿಯನ್ನು 1966ರಲ್ಲೇ ಜೂಲಿಯನ್ ರಾಟರ್ ಅನ್ನುವವರು ಮಾಡಿದ್ದಾರೆ. ನಮಗೆ ಅಷ್ಟು ಬೇಡ. ಅಂಥ ಪ್ರತಿ ಸಾಲಿನ ಪಕ್ಕ "ನನ್ನ ಕೈಯಲ್ಲಿದ್ದದ್ದು" ಅಂತ ಒಂದು ಮಾತು ಬರೆದರೆ ಸಾಕು. ನಿಜವಾಗಿಯೂ ಏನೂ ಇರದಿದ್ದರೆ ಖಾಲಿ ಬಿಡಿ.

ಹುಟ್ಟುಗುಣ ಹೋಗಲ್ಲ, ಇದನ್ನೆಲ್ಲ ಕಲಿಯಲಿಕ್ಕೆ ಆಗುತ್ತಾ ಅಂತ ಕೇಳುವವರಿಗೆ ಎರಡು ಸಂಗತಿ ಹೇಳುತ್ತೇನೆ. ಅದೇ ಮೆಕ್ಲೆಲ್ಯಾಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ, ಕೆಲವು ದಿನ ಗುರಿ ಇಟ್ಟುಕೊಳ್ಳುವುದು, ಅಳೆದು ಹೆಜ್ಜೆ ಇಡುವುದು, ಇದನ್ನೇ ಕಲಿಸಿದರು. ಆಮೇಲಿನ ವರ್ಷಗಳಲ್ಲಿ ಅವರು ತರಬೇತಿ ಇಲ್ಲದವರಿಗಿಂತ ಹೆಚ್ಚು ಹೊಸ ಕೆಲಸ ಶುರು ಮಾಡಿದರು, ಹೆಚ್ಚು ಜನರನ್ನು ಕೆಲಸಕ್ಕೆ ಇಟ್ಟುಕೊಂಡರು. ಆಫ್ರಿಕಾದ ಟೋಗೋ ದೇಶದಲ್ಲಿ 1,500 ಸಣ್ಣ ವ್ಯಾಪಾರಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಹೊರಬಂತು. ಯಾರೂ ಹೇಳದೆ ತಾನಾಗಿ ಮುಂದೆ ಹೆಜ್ಜೆ ಇಡುವುದನ್ನು ಕಲಿತವರ ಲಾಭ ಏನೂ ಕಲಿಯದವರಿಗಿಂತ 30 ಪರ್ಸೆಂಟ್ ಹೆಚ್ಚಿತು. ಬರೀ ಲೆಕ್ಕಪತ್ರ, ಮಾರಾಟ ಕಲಿತವರದು 11 ಪರ್ಸೆಂಟ್ ಮಾತ್ರ.

ಅದನ್ನು ಓದಿದ ಮೇಲೆ ನಾವೂ ಪ್ರತಿ ತಿಂಗಳು ಒಂದು ದಿನ ಎಲ್ಲರೂ ಕೂತು, ಯಾರೂ ಕೇಳದೆ ಇರುವ ಒಂದು ಕೆಲಸ ಯೋಚಿಸುತ್ತೇವೆ. ಮುರಿದ ರೊಟ್ಟಿ ಮೊದಲು ದನಕ್ಕೆ ಹೋಗುತ್ತಿತ್ತು. ಅದನ್ನು ಸಣ್ಣಗೆ ಮಾಡಿ, ಶೇಂಗಾ ಹಿಂಡಿ, ಎಣ್ಣೆ, ಉಳ್ಳಾಗಡ್ಡಿ ಪುಡಿ ಕಲಸಿ ಇಪ್ಪತ್ತು ರೂಪಾಯಿ ಪೊಟ್ಟಣ ಮಾಡೋಣ ಅಂತ ಹೇಳಿದವಳು ಪ್ಯಾಕಿಂಗ್ ಮಾಡುವ ಹುಡುಗಿ, ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವಳು. ಹಾಸ್ಟೆಲ್ ಹುಡುಗರು ಈಗ ರೊಟ್ಟಿಗಿಂತ ಮೊದಲು ಅದನ್ನು ಕೇಳುತ್ತಾರೆ.

ಚಿಂತೆ ಜಾಸ್ತಿ ಮಾಡುವವರಿಗೆ ನನ್ನ ಹತ್ತಿರ ದೊಡ್ಡ ಮಾತಿಲ್ಲ. ಅಂಥವರಿಗೆ ಆಹಾರ ಲೈಸೆನ್ಸ್, ತಾರೀಕು ಅಂಟಿಸುವುದು, ಸ್ಟಾಕ್ ನೋಡುವುದು ಕೊಟ್ಟು ನೋಡಿ. ನಮ್ಮಲ್ಲಿ ಒಬ್ಬ ತಂಗಿ ಇದ್ದಾಳೆ, ಅವಳು ಬಂದ ಮೇಲೆ ತಾರೀಕು ಮೀರಿದ ಒಂದು ಪ್ಯಾಕೆಟ್ಟೂ ಹೊರಗೆ ಹೋಗಿಲ್ಲ.

ನನ್ನ ಎರಡನೇ ವಹಿಯಲ್ಲಿ ಈಗ ಒಂದು ಸಾಲು ಮೂರು ಸಲ ಬಂದಿದೆ. ಶಹಾಬಾದಿನಲ್ಲಿ ಇನ್ನೊಂದು ಕೇಂದ್ರ ಶುರು ಮಾಡುವ ವಿಷಯ. ಮೂರು ಸಲವೂ ಬೇಡ ಅಂದಿದ್ದೇನೆ, ಮೂರು ಸಲವೂ ಪಕ್ಕದಲ್ಲಿ "ಹೆದರಿಕೆ" ಅಂತ ಬರೆದಿದ್ದೇನೆ. ಒಂದು ತಿಂಗಳ ಲಾಭದಲ್ಲಿ ಅಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು, ಎರಡು ಹಂಚು ಇಟ್ಟು ನೋಡಬಹುದು, ಲೆಕ್ಕ ಕೂಡಿಸಿದ್ದೇನೆ. ಶರಣಬಸಪ್ಪನ ಜಾತ್ರೆ ಮುಗಿದ ಮೊದಲ ಸೋಮವಾರ ನನ್ನನ್ನು ಕೇಳು ಅಂತ ನೆಗೆಣ್ಣಿಗೆ ಹೇಳಿದ್ದೇನೆ. ಅವಳು ಅದನ್ನು ವಸೂಲಿ ಚೀಟಿಯ ಮೇಲೆ, ನನ್ನ ಹೆಸರಿನ ಮುಂದೆ ಬರೆದುಕೊಂಡಿದ್ದಾಳೆ.